ಪಂಚೆ ಫೋಟೋಗೆ ಒಂದು ದಾರ ಸಾಕು

ಅಮೆರಿಕದ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿರುವ ಚಾರಣದ ಹಾದಿ ಜಾನ್ ಮ್ಯೂರ್ ಟ್ರೇಲ್. ಅದರ ಪ್ರತಿ ಪಾಸ್‌ನಲ್ಲೂ (ಬೆಟ್ಟಸಾಲು ದಾಟುವ ಜಾಗ) ಪಂಚೆ ಉಟ್ಟು ನಿಮ್ಮದೇ ಫೋಟೋ ತೆಗೆಯುವ ಹುಚ್ಚು ನಿಮಗೂ ಇದ್ದರೆ, ಟ್ರೈಪಾಡ್ ಒಯ್ಯಬೇಡಿ. ಊಟ ಕರಡಿಗೆ ಸಿಗದಂತೆ ಇಡುವ ಗಟ್ಟಿ ಕರಡಿ ಡಬ್ಬಿಯನ್ನು ಈ ಹಾದಿಯಲ್ಲಿ ಹೇಗೂ ಹೊರಬೇಕು, ಅದರ ಮೇಲೆ ಫೋನ್ ನಿಲ್ಲಿಸಿ. ಡಬ್ಬಿಗೆ 3 ಮೀಟರ್ ದಾರ ಕಟ್ಟಿ, ಅದು ಬಿಗಿಯಾಗುವಷ್ಟು ದೂರ ಹೋಗಿ ಟೈಮರ್‌ಗೆ ನಿಲ್ಲಿ. ಲೆನ್ಸ್ ಬದಲಾಗದಿದ್ದರೆ ಚಿತ್ರದಲ್ಲಿ ನಿಮ್ಮ ಗಾತ್ರ ದೂರದ ಮೇಲೇ ನಿಂತಿರುತ್ತದೆ. ಹಾಗಾಗಿ ಡೊನೊಹ್ಯೂ ಪಾಸ್‌ನಲ್ಲೂ ಫಾರೆಸ್ಟರ್ ಪಾಸ್‌ನಲ್ಲೂ ನೀವು ಅಷ್ಟೇ ಎತ್ತರ, ಹಿಂದಿನ ಬೆಟ್ಟ ಮಾತ್ರ ಬೇರೆ. ಫೋಟೋಗಳನ್ನು ಸಾಲಾಗಿ ಓಡಿಸಿದರೆ ಮಜಾ ಇರುತ್ತದೆ. ಡಬ್ಬಿ ಗಿಡ್ಡ, ಕೆಳಗಿನಿಂದ ತೆಗೆದಂತೆ ಬರುತ್ತದೆ. ಪಂಚೆಗೆ ಅದೇ ಚೆಂದ ಅಂತ ನನ್ನ ಲೆಕ್ಕ. ಜೂಮ್ ಮುಟ್ಟಿದರೆ ಎಲ್ಲಾ ಕೆಟ್ಟಿತು. ಇಳಿಜಾರಿನಲ್ಲೂ ಇದು ಕೈಕೊಡುತ್ತದೆ, ಒಂದೋ ತಲೆ ಕತ್ತರಿಸುತ್ತದೆ, ಇಲ್ಲಾ ಕಾಲು. ಊಟ ಖಾಲಿಯಾದ ಡಬ್ಬಿ ಗಾಳಿಗೆ ಉರುಳುತ್ತದೆ, ಒಳಗೆ ಕಲ್ಲು ತುಂಬಿ. ಅಂಚಿನ ಹತ್ತಿರ ಮಾತ್ರ ಇಡಲೇಬೇಡಿ. ಹೊರಡುವ ಮುಂಚೆ ಮನೆಯಲ್ಲೇ ಅಕ್ಕಿ ಡಬ್ಬದ ಮೇಲೆ ಫೋನ್ ಇಟ್ಟು ದಾರದ ಅಳತೆ ಗೊತ್ತು ಮಾಡಿಕೊಳ್ಳಿ. ಅಗಲ ಲೆನ್ಸ್ ಆದರೆ 2 ಮೀಟರ್ರೇ ಸಾಕಾಗಬಹುದು.