ಹೊಸ 3.73 ಗೇರ್ ಪಳಗಿಸಿದ ಕಥೆ: ಮೈಲಿ ಬಿಟ್ಟು ಬಿಸಿ ನೋಡಿದೆ

ನನ್ನ 2013ರ ಮಸ್ಟ್ಯಾಂಗ್ ಜಿಟಿಯ ಹಿಂಚಕ್ರಗಳ ಆಕ್ಸಲ್ ಹೊಸ ಗೇರ್ ಕೂರಿಸಿದ ಮೇಲೆ 14 ಸಾವಿರ ಮೈಲಿ ಓಡಿದೆ. ಗಂಟೆಗೆ 60 ಮೈಲಿ ವೇಗದಲ್ಲಿ ಕಾಲು ತೆಗೆದರೂ ಸದ್ದಿಲ್ಲ, ಒತ್ತಿದರೂ ಸದ್ದಿಲ್ಲ. ಡೆಟ್ರಾಯಿಟ್ ಸುತ್ತಮುತ್ತಲಿನ ನಮ್ಮ ಕನ್ನಡದ ಗೆಳೆಯರಲ್ಲಿ ಸುಮಾರು ಜನ ಕಾರ್ ಕಂಪನಿಗಳಲ್ಲೇ ಇರುವವರು. ನಾನು ಗೇರ್ ಪಳಗಿಸುವ, ಅಂದರೆ ಹೊಸ ಹಲ್ಲುಗಳನ್ನು ಒಂದಕ್ಕೊಂದು ಒಗ್ಗಿಸುವ ರೀತಿ ಹೇಳಿದಾಗ ಅವರಲ್ಲಿ ಒಬ್ಬರೂ ನಂಬಲಿಲ್ಲ. ಈಗ ಅವರೇ ಬರೆದು ಕೊಡು ಅನ್ನುತ್ತಿದ್ದಾರೆ. ಅದಕ್ಕೇ ಇದು.

ಮೊದಲು ದುಡ್ಡು ಹೋದ ಕಥೆ. ಕಾರ್ ಬಂದಾಗ ಆಕ್ಸಲಿನ ಗೇರ್ 3.31 ಇತ್ತು, ಅಂದರೆ ಚಕ್ರ ಒಂದು ಸುತ್ತಲು ಎಂಜಿನ್ ಕಡೆಯಿಂದ ಬರುವ ದಂಡ 3.31 ಸುತ್ತು. ಹೈವೇಗೆ ಚೆನ್ನಾಗಿತ್ತು, ಎರಡನೇ ಗೇರಿನಲ್ಲಿ ಮಾತ್ರ ಸತ್ತಂತೆ. 3.73 ಹಾಕಿಸೋಣ ಅಂತ ಒಂದು ಗ್ಯಾರೇಜಿಗೆ ಕೊಟ್ಟೆ. ಗೇರ್ ಸೆಟ್ 250 ಡಾಲರ್ ಆಸುಪಾಸು, ಬೇರಿಂಗ್ ಕಿಟ್ 130, ಕೂಲಿ 450. ಆಯಿಲ್ ಎಲ್ಲ ಸೇರಿ 900 ಹತ್ತಿರ ಹೋಯಿತು. ಕೀ ಕೊಡುವಾಗ "ಸುಮ್ನೆ ಓಡಿಸಿ, ಏನೂ ಆಗಲ್ಲ" ಅಂದರು. ನಾನೂ ಸುಮ್ನೆ ಓಡಿಸಿದೆ. ಮರುದಿನವೇ ಮೈಲನ್ ಡ್ರ್ಯಾಗ್‌ವೇ ಅನ್ನುವ ರೇಸ್ ಟ್ರ್ಯಾಕಿಗೆ ಹೊರಟೆ. ಒಂದು ಗಂಟೆ ಹತ್ತಿರದ ದಾರಿ, ಎಲ್ಲೂ ನಿಲ್ಲಿಸದೆ 75ರ ವೇಗದಲ್ಲಿ. ಹೋಗಿ ನಾಲ್ಕು ಸಲ ಲಾಂಚ್ ಮಾಡಿದೆ, ನಿಂತಲ್ಲಿಂದ ಪೂರ್ತಿ ಒತ್ತಿ ಹೊರಡುವುದು. ಕೊನೆಯ ಸಲ ಕೆಳಗೆ ಬಗ್ಗಿ ನೋಡಿದರೆ ಗೇರ್ ಆಯಿಲ್ ಸುಟ್ಟ ವಾಸನೆ. ಮನೆಗೆ ಬರುವಾಗ 55ರಿಂದ 60ರ ನಡುವೆ ಕಾಲು ತೆಗೆದರೆ ಸಾಕು, ಊಳಿಡುವ ಸದ್ದು.

ವಾರಂಟಿ ಕೇಳಿದೆ. ಸದ್ದಿಗೆ ವಾರಂಟಿ ಇಲ್ಲ ಅಂದರು. ಆಕ್ಸಲಿನ ಕವರ್ ಬಿಚ್ಚಿ ನೋಡಿದೆ. ಕ್ರೌನ್ ಅಂದರೆ ಚಕ್ರ ತಿರುಗಿಸುವ ದೊಡ್ಡ ಗೇರು, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಕ್ರೌನ್ ಹಲ್ಲುಗಳ ಮೇಲೆ ಉಗುರಿಗೆ ಸಿಗುವಂಥ ಗೀರು. ಅಂಥ ಗೀರು ಬಿದ್ದ ಮೇಲೆ ಯಾವ ಆಯಿಲ್ ಹಾಕಿದರೂ ಅಷ್ಟೇ.

ಆ ರಾತ್ರಿ ನೆನಪಾದವರು ದಾವಣಗೆರೆಯ ನನ್ನ ಸೋದರಮಾವ. ಲಾರಿ ಮೆಕ್ಯಾನಿಕ್. ಹೊಸ ಕ್ರೌನ್-ಪಿನಿಯನ್ ಕೂರಿಸಿದ ಲಾರಿಗೆ ಮೊದಲ ಟ್ರಿಪ್ ಲೋಡ್ ಹಾಕಲು ಬಿಡುತ್ತಿರಲಿಲ್ಲ. ಖಾಲಿ ಓಡಿಸಿ, ನಿಲ್ಲಿಸಿ, ಗೇರ್ ಕೂತಿರುವ ಹೌಸಿಂಗ್ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. "ಕೈ ನಿಲ್ತದೇನೋ? ನಿಂತ್ರೆ ಹೋಗು" ಅನ್ನುತ್ತಿದ್ದರು. ಹೊಸ ದೋಸೆ ಹೆಂಚು ಪಳಗಿಸಿದ ಹಾಗೆ. ಒಂದೇ ಸಲ ಉರಿ ಕೊಟ್ಟರೆ ಹೆಂಚು ಕೆಡುತ್ತದೆ. ನಾನು ಮಾಡಿದ್ದು ಮಾವನ ಅಂಗೈ ಬದಲಿಗೆ 30 ಡಾಲರಿನ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದದ್ದು.

ಆದರೆ ಅದಕ್ಕೂ ಮುಂಚೆ ಇನ್ನೊಂದು ತಪ್ಪು ಮಾಡಿದೆ. ಗೆಳೆಯನೊಬ್ಬ ಬಿಚ್ಚಿಟ್ಟಿದ್ದ ಹಳೆಯ 4.10 ಸೆಟ್ 80 ಡಾಲರಿಗೆ ಸಿಕ್ಕಿತು. ಹಳೆಯದು, ಪಳಗಿದ್ದೇ ಅಲ್ವಾ ಅಂದುಕೊಂಡೆ. ಆ ಜೋಡಿ ಗೆಳೆಯನ ಆಕ್ಸಲಿನಲ್ಲಿ ಯಾವ ಜಾಗದಲ್ಲಿ ಸವೆದಿತ್ತೋ ಅದೇ ಜಾಗಕ್ಕೆ ಮತ್ತೆ ಕೂರಿಸುವುದು ನನ್ನಿಂದ ಆಗಲಿಲ್ಲ. ಮೂರು ಶನಿವಾರ ಶಿಮ್, ಅಂದರೆ ಗೇರಿನ ಜಾಗ ಸರಿಪಡಿಸುವ ತೆಳು ಬಿಲ್ಲೆಗಳನ್ನು ಬದಲಿಸಿದೆ. ಕೊರಗುವ ಸದ್ದು ಹೋಗಲೇ ಇಲ್ಲ. ಬಿಚ್ಚಿ ಎಸೆದೆ.

ಮೂರನೆಯದು ಮತ್ತೆ ಹೊಸ 3.73. ಈ ಸಲ ಕೂರಿಸಿದ್ದೂ ನಾನೇ. ಫೋರ್ಡಿನ ಈ 8.8 ಇಂಚಿನ ಆಕ್ಸಲ್ ಗೆಳೆಯರಿಗೆಲ್ಲ ಗೊತ್ತಿರುವುದೇ, ಬಿಚ್ಚುವ ವಿಧಾನ ಬರೆಯುವುದಿಲ್ಲ. ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ, 10 ಥೌ (ಇಂಚಿನ ಸಾವಿರದ ಹತ್ತು ಭಾಗ) ಹತ್ತಿರ ನಿಂತಿತು. ಪಿನಿಯನ್ ಪ್ರೀಲೋಡ್, ಅಂದರೆ ಬೇರಿಂಗಿನ ಬಿಗಿ, ಹೊಸ ಬೇರಿಂಗಿಗೆ 22 ಇಂಚು-ಪೌಂಡ್ ಅಂತ ನೆನಪು. ಅದಕ್ಕೆ ಬರುವಷ್ಟರಲ್ಲಿ ನಟ್ ಬಿಗಿದಂತೆ ಕುಗ್ಗಿ ಆ ಬಿಗಿ ಹಿಡಿಯುವ ಕೊಳವೆ, ಕ್ರಶ್ ಸ್ಲೀವ್, ಎರಡು ಹಾಳು ಮಾಡಿದೆ. ನಟ್ ಒಂದು ಕೂದಲೆಳೆ ಜಾಸ್ತಿ ತಿರುಗಿದರೆ ಸ್ಲೀವ್ ಹೋಯಿತು ಅಂತಲೇ. ಮೂರನೆಯದನ್ನು ಒಂದೇ ಏಟಿಗೆ ಸರಿ ಕೂರಿಸಿದೆ. ಹೇಗೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹಲ್ಲು ಎಲ್ಲಿ ತಾಗುತ್ತದೆ ಅಂತ ನೋಡಲು ಹಳದಿ ಬಣ್ಣ ಬಳಿದು ತಿರುಗಿಸಿದಾಗ ಗುರುತು ಹಲ್ಲಿನ ನಡುಮಧ್ಯೆ ಬಿದ್ದದ್ದು ನೋಡಿ, ಅರ್ಧ ರಾತ್ರಿಯಲ್ಲಿ ಹೆಂಡತಿಯನ್ನು ಗ್ಯಾರೇಜಿಗೆ ಕರೆದು ತೋರಿಸಿದೆ.

ಆಯಿಲ್ ವಿಷಯ. ಮೊದಲಿಗೆ ದುಬಾರಿ ಸಿಂಥೆಟಿಕ್ ಹಾಕಲಿಲ್ಲ. ಸಾದಾ 80ಡಬ್ಲ್ಯೂ-90 ಗೇರ್ ಆಯಿಲ್, ಜೊತೆಗೆ ಒಂದೇ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್-ಲಾಕ್ ಕ್ಲಚ್‌ಗಳಿಗೆ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ಸೇರಿಕೆ 4 ಔನ್ಸ್. ಹೇಗೂ 500 ಮೈಲಿಗೆ ಚೆಲ್ಲುವ ಆಯಿಲ್ ಅದು.

ಈಗ ಓಡಿಸಿದ್ದು. ಮೇ ತಿಂಗಳು, ಹೊರಗೆ 60ರ ಆಸುಪಾಸು ಫ್ಯಾರನ್‌ಹೀಟ್. ಊರೊಳಗಿನ ರಸ್ತೆಯಲ್ಲಿ 10 ಮೈಲಿ, 40ರಿಂದ 45ರ ವೇಗ. ಒಂದೇ ವೇಗದಲ್ಲಿ ಹಿಡಿದಿಡಲಿಲ್ಲ. ಮೆಲ್ಲಗೆ ಒತ್ತುವುದು, ಮೆಲ್ಲಗೆ ಬಿಡುವುದು. ಹಲ್ಲಿನ ಎರಡೂ ಮುಖಕ್ಕೆ ಕೆಲಸ ಸಿಗಬೇಕು. ಮನೆಗೆ ಬಂದ ಕೂಡಲೇ ಕಾರಿನಡಿ ಮಲಗಿ ಥರ್ಮಾಮೀಟರ್ ಹಿಡಿದೆ. 168 ಡಿಗ್ರಿ. ಆಮೇಲೆ ಪೂರ್ತಿ ತಣ್ಣಗಾಗಲು ಬಿಟ್ಟೆ. ಅರ್ಧ ಗಂಟೆ ಸಾಕು ಅನ್ನುತ್ತಾರೆ, ನನಗೆ ಸಾಲಲಿಲ್ಲ. ಕಬ್ಬಿಣದ ಹೌಸಿಂಗ್ ಒಳಗಿನ ಬಿಸಿ ಹೊರಗೆ ಬರಲು ಹೊತ್ತು ಬೇಕು. ಎರಡೂವರೆ ಗಂಟೆ ಕಾದೆ. ಮತ್ತೆ ಅದೇ ರಸ್ತೆ, ಅದೇ 10 ಮೈಲಿ. ಆ ದಿನ ಮೂರು ಸಲ, ಮರುದಿನ ಮೂರು ಸಲ, ಆಮೇಲೂ ಹೀಗೇ.

ನೋಟ್‌ಬುಕ್ಕಿನಲ್ಲಿ ಹೊರಗಿನ ತಾಪ ಕಳೆದು ಬರೆದೆ. ಮೊದಲ ಸಲ 105 ಡಿಗ್ರಿ ಏರಿಕೆ. ನಾಲ್ಕನೆಯ ಸಲ 85ರಷ್ಟು. ಎಂಟನೆಯ ಸಲಕ್ಕೆ 70ಕ್ಕೆ ಬಂದು ನಿಂತಿತು. ಒಂಬತ್ತನೆಯ ಸಲವೂ ಅಷ್ಟೇ. ಹಲ್ಲುಗಳು ಒಂದಕ್ಕೊಂದು ಒಗ್ಗಿದವು ಅಂತ ನನಗೆ ಗೊತ್ತಾದದ್ದು ಆಗ. ಎಲ್ಲರೂ ಕೇಳುವುದು ಎಷ್ಟು ಮೈಲಿ ಓಡಿಸಬೇಕು ಅಂತ. ನಾನು ಹೇಳುವುದು, ಬಿಸಿ ಇಳಿಯುವುದು ನಿಲ್ಲುವವರೆಗೆ. ಥರ್ಮಾಮೀಟರನ್ನು ಪ್ರತಿ ಸಲವೂ ಒಂದೇ ಜಾಗಕ್ಕೆ ಹಿಡಿಯಿರಿ. ಕವರ್‌ಗೆ ಹಿಡಿದರೆ ಮೋಸ, ಗಾಳಿ ತಾಗಿ ತಣ್ಣಗಿರುತ್ತದೆ. ಸರಿಯಾದ ಜಾಗ ನೀವೇ ಹುಡುಕಿಕೊಳ್ಳಿ, ಪಿನಿಯನ್ ಕಡೆ ಇದೆ ಅಂತಷ್ಟೇ ಹೇಳುತ್ತೇನೆ.

ಗೆಳೆಯ ವಾದ ಹಾಕಿದ. ಪವರ್‌ಟ್ರೇನ್ ಎಂಜಿನಿಯರ್ ಅವನು. "ಈಗಿನ ಗೇರ್‌ಗಳನ್ನು ಫ್ಯಾಕ್ಟರಿಯಲ್ಲೇ ಜೋಡಿಯಾಗಿ ಲ್ಯಾಪ್ ಮಾಡಿ, ಅಂದ್ರೆ ಒಂದಕ್ಕೊಂದು ಉಜ್ಜಿ ನುಣುಪು ಮಾಡಿ ಕಳಿಸ್ತಾರೆ. 3.73 ಅಂದ್ರೆ ಕ್ರೌನಿಗೆ 41, ಪಿನಿಯನ್‌ಗೆ 11 ಹಲ್ಲು. ಚಕ್ರ 11 ಸುತ್ತು ತಿರುಗೋದ್ರೊಳಗೆ ಪ್ರತಿ ಹಲ್ಲೂ ಪ್ರತಿ ಹಲ್ಲನ್ನು ಮುಟ್ಟಿರುತ್ತೆ. 24 ಮೀಟರಿಗೆ ಮುಗಿಯೋ ಕೆಲಸಕ್ಕೆ ವಾರ ಬೇಕಾ?" ಲೆಕ್ಕ ಸರಿಯೇ. ಆದರೆ ಮುಟ್ಟುವುದು ಬೇರೆ, ಒಗ್ಗುವುದು ಬೇರೆ. ಹೊಸ ಕಾರಿನ ಕೈಪಿಡಿಯಲ್ಲೇ ಮೊದಲ 1,000 ಮೈಲಿ ಮೆಲ್ಲಗೆ ಓಡಿಸಿ ಅಂತ ಇರುತ್ತದೆ. ಅದನ್ನು ತೋರಿಸಿದೆ, ಸುಮ್ಮನಾದ.

ನಡುವೆ ಒಂದೆರಡು ಪ್ರಯೋಗ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಗೇರ್ ಹಾಕಿ 20 ನಿಮಿಷ ಚಕ್ರ ತಿರುಗಿಸಿದೆ. ಲೋಡ್ ಇಲ್ಲದೆ ಬಿಸಿಯೇ ಏರಲಿಲ್ಲ. ಉಪಯೋಗವಿಲ್ಲ, ಅಪಾಯವೂ ಹೌದು, ಮಾಡಬೇಡಿ. ಇನ್ನೊಂದು ಚೆನ್ನಾಗಿ ಬಂತು. ಫೋನಿನಲ್ಲಿ ಸದ್ದಿನ ಗ್ರಾಫ್ ತೋರಿಸುವ ಆ್ಯಪ್ ಹಾಕಿಕೊಂಡೆ. ನನ್ನ 19 ಇಂಚಿನ ರಿಮ್ಮಿನ ಟೈರಿಗೆ 60ರಲ್ಲಿ ಚಕ್ರ ಸೆಕೆಂಡಿಗೆ 12 ಸುತ್ತಿಗಿಂತ ಸ್ವಲ್ಪ ಜಾಸ್ತಿ. ಅದನ್ನು ಕ್ರೌನಿನ 41 ಹಲ್ಲಿನಿಂದ ಗುಣಿಸಿದರೆ 510 ಹರ್ಟ್ಸ್, ಹಲ್ಲುಗಳು ಸೆಕೆಂಡಿಗೆ ಅಷ್ಟು ಸಲ ತಾಗುತ್ತವೆ. ಹಾಳಾದ ಸೆಟ್ಟಿನ ಸದ್ದನ್ನು ಹಿಂದೆ ರೆಕಾರ್ಡ್ ಮಾಡಿ ಇಟ್ಟಿದ್ದೆ. ಅದರಲ್ಲಿ ಸರಿಯಾಗಿ ಅಲ್ಲೇ ಗೋಪುರದಂತೆ ಎದ್ದು ನಿಂತಿತ್ತು. ಊಳಿಡುವುದು ಗೇರೋ, ಬೇರಿಂಗೋ, ಟೈರೋ ಅಂತ ಜಗಳ ಆಡುವವರಿಗೆ ಈ ಲೆಕ್ಕ ಸಾಕು.

500 ಮೈಲಿವರೆಗೆ ಒಂದೂ ಲಾಂಚ್ ಮಾಡಲಿಲ್ಲ. ಹೈವೇಗೆ ಹೋದರೂ 15-20 ಮೈಲಿಗೊಮ್ಮೆ ನಿಲ್ಲಿಸಿದೆ. ಅಷ್ಟು ಕಾಯುವುದು ಎಲ್ಲಕ್ಕಿಂತ ಕಷ್ಟವಾಯಿತು. ಆಮೇಲೆ ಕವರ್ ತೆಗೆದೆ. ಆಯಿಲ್ ಬೂದು ಬಣ್ಣ, ಮ್ಯಾಗ್ನೆಟ್ ಮೇಲೆ ನುಣ್ಣನೆಯ ಹಿಟ್ಟಿನಂಥ ಪೇಸ್ಟ್. ಬೆರಳಲ್ಲಿ ಉಜ್ಜಿದರೆ ಒಂದು ಚೂರೂ ಚುಚ್ಚಲಿಲ್ಲ. ಕ್ರೌನ್ ಹಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. 75ಡಬ್ಲ್ಯೂ-140 ಸಿಂಥೆಟಿಕ್ ಹಾಕಿ ಮುಚ್ಚಿದೆ. ಈ ಸಲ ಎಲ್ಲ ಸೇರಿ ಖರ್ಚು 520 ಡಾಲರ್ ದಾಟಲಿಲ್ಲ. ಗೇರ್ ಬದಲಾದ ಮೇಲೆ ಸ್ಪೀಡೋಮೀಟರ್ ಸರಿಪಡಿಸುವ ಟ್ಯೂನರ್ ಮೊದಲೇ ಇತ್ತು.

ಮತ್ತೆ ಮೈಲನ್‌ಗೆ ಹೋದೆ. ಆರು ಲಾಂಚ್. ವಾಪಸ್ ಬರುವಾಗ ಫೋನಿನಲ್ಲಿ 510ರ ಜಾಗ ನೋಡುತ್ತಾ ಕೂತವನು ಅದೇ ಪವರ್‌ಟ್ರೇನ್ ಗೆಳೆಯ. ಗ್ರಾಫ್ ಚಪ್ಪಟೆ. ಮೂರು ಎಕ್ಸಿಟ್ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ "ನಿನ್ನ ಬ್ಯಾಕ್‌ಲ್ಯಾಶ್ ಅಳೆಯೋ ಡಯಲ್ ಗೇಜ್ ಶನಿವಾರ ಸಿಗುತ್ತೇನೋ?" ಅಂದ. ಅವನ ಗೇರ್ ಸೆಟ್ಟಿನ ಡಬ್ಬ ಈಗ ನನ್ನ ಗ್ಯಾರೇಜಿನ ಬೆಂಚಿನ ಮೇಲಿದೆ.