ದ್ರಾಕ್ಷಿತೋಟದಲ್ಲಿ ವನಭೋಜನ: ಊಟ ಮೊದಲು, ವೈನ್ ಆಮೇಲೆ

ಕ್ಯಾಲಿಫೋರ್ನಿಯಾದ ವೈನರಿಗಳಿಗೆ ಪಿಕ್ನಿಕ್ ಬಂದವರ ಬುಟ್ಟಿ ತೆಗೆದು ನೋಡಿದರೆ ಹೆಚ್ಚುಕಡಿಮೆ ಒಂದೇ ಸಾಮಾನು: ಎರಡು ಮೂರು ಥರದ ಚೀಸ್, ಉದ್ದನೆಯ ಬ್ರೆಡ್ಡು, ಆಲಿವ್, ಒಣ ಅಂಜೂರ. ನೋಡಲು ಬಹಳ ಚಂದ. ನಮ್ಮ ಮನೆಯವರಿಗೆ ಮಾತ್ರ ಅದು ಕೈಯಾಡಿಸುವ ತಿಂಡಿ, ತಿಂದಾದ ಮೇಲೆ ‘ಊಟ ಎಲ್ಲಿ?’ ಅಂತ ಕೇಳುತ್ತಾರೆ. ಹಾಗಾಗಿ ಗೆಳತಿಯೊಬ್ಬಳ ಐವತ್ತನೇ ಹುಟ್ಟುಹಬ್ಬವನ್ನು ಅಕ್ಟೋಬರ್ ಕೊನೆಯಲ್ಲಿ ವೈನರಿಯೊಂದರಲ್ಲಿ ಮಾಡೋಣ ಅಂತಾದಾಗ ನಾನು ಊಟವನ್ನೇ ಮೊದಲು ತೀರ್ಮಾನ ಮಾಡಿದೆ. ಪುಳಿಯೋಗರೆ, ಕೋಸಂಬರಿ, ನಿಪ್ಪಟ್ಟು, ಬದನೆಕಾಯಿ ಎಣ್ಣೆಗಾಯಿ, ಮೊಸರನ್ನ, ಕೊನೆಗೆ ಒಬ್ಬಟ್ಟು. ಇವಕ್ಕೆ ಒಗ್ಗುವ ವೈನ್ ಯಾವುದು, ಅದನ್ನು ಮಾಡುವವರು ಎಲ್ಲಿದ್ದಾರೆ ಅನ್ನುವುದು ಆಮೇಲಿನ ಹುಡುಕಾಟ.

ಮೈಸೂರಿನಿಂದ ಬಂದಿದ್ದ ನಮ್ಮತ್ತೆಗೆ ಇದು ವಿಚಿತ್ರ ಅನ್ನಿಸಿತು. “ಕುಡಿಯೋ ಜಾಗಕ್ಕೆ ಯಾರಾದ್ರೂ ಪುಳಿಯೋಗರೆ ಕಟ್ಕೊಂಡು ಹೋಗ್ತಾರೇನೇ?” ಅಂದರು. “ದ್ರಾಕ್ಷಿ ತೋಟ ಅತ್ತೆ, ಕಾರ್ತೀಕದಲ್ಲಿ ವನಭೋಜನ ಮಾಡಲ್ವಾ, ಹಾಗೆ ಅಂದ್ಕೊಳ್ಳಿ” ಅಂದೆ. ಆ ವರ್ಷ ದೀಪಾವಳಿ ಮುಗಿದು ಕಾರ್ತೀಕ ಹುಟ್ಟಿತ್ತು ಕೂಡ. “ನೆಲ್ಲಿಮರ ಇದೆಯಾ?” ಅಂತ ಕೇಳಿದರು. ಇರಲಿಲ್ಲ. ಓಕ್ ಮರ ಇತ್ತು.

ಮೊದಲು ಜಾಗದ ಮಾತು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ನಮ್ಮ ಬೇ ಏರಿಯಾದಲ್ಲಿ ವೈನ್ ಅಂದಕೂಡಲೇ ಎಲ್ಲರೂ ನಾಪಾ ಕೌಂಟಿ ಅನ್ನುತ್ತಾರೆ, ಕೌಂಟಿ ಅಂದರೆ ಇಲ್ಲಿನ ಜಿಲ್ಲೆ. ಆದರೆ ಮನೆಯಿಂದ ಊಟ ಕಟ್ಟಿಕೊಂಡು ಹೋಗುವವರಿಗೆ ನಾಪಾ ಅಷ್ಟು ಸಲೀಸಲ್ಲ. ವೈನರಿಯಲ್ಲಿ ಏನು ನಡೆಯಬಹುದು, ಏನು ನಡೆಯಬಾರದು ಅಂತ ಆ ಕೌಂಟಿ 1990ರಲ್ಲೇ ಒಂದು ಕಟ್ಟಳೆ ತಂದಿತು. ಕೃಷಿ ಭೂಮಿಯೆಲ್ಲ ಹೋಟೆಲು, ಮದುವೆ ಹಾಲ್ ಆಗಿಬಿಡಬಾರದು ಅನ್ನುವುದು ಅದರ ಹಿಂದಿನ ಕಾಳಜಿ. ಹೀಗಾಗಿ ಅಲ್ಲಿ ಅನೇಕ ಕಡೆ ಬುಟ್ಟಿ ಬಿಚ್ಚಲು ಅವಕಾಶವೇ ಇಲ್ಲ. ಸೇಂಟ್ ಹೆಲೆನಾದ ವಿ. ಸಟೂಯಿಯಂಥ ಹಳೆಯ ಪಿಕ್ನಿಕ್ ತಾಣಗಳಿವೆ, ವಾರಾಂತ್ಯದಲ್ಲಿ ಅಲ್ಲಿ ಜಾತ್ರೆ. ಪಕ್ಕದ ಸೊನೋಮಾ ಕೌಂಟಿಯಲ್ಲಿ ಈ ವಿಷಯಕ್ಕೆ ಉದಾರತೆ ಹೆಚ್ಚು. ನಾನು ಆರಿಸಿದ್ದು ಹೀಲ್ಡ್ಸ್‌ಬರ್ಗ್ ಊರಿನ ಪಕ್ಕದ ಡ್ರೈ ಕ್ರೀಕ್ ಕಣಿವೆಯನ್ನು. ಹದಿನಾರು ಮೈಲಿ ಉದ್ದ, ಎರಡು ಮೈಲಿ ಅಗಲದ ಪುಟ್ಟ ಕಣಿವೆ, ಫ್ರೀಮಾಂಟ್‌ನ ನಮ್ಮ ಮನೆಯಿಂದ ಎರಡು ಗಂಟೆ ದಾರಿ. ದಿಬ್ಬಗಳಲ್ಲಿ ಕಬ್ಬಿಣದಂಶದ ಕೆಂಪು ಮಣ್ಣು. ನಮ್ಮ ಮಾವ ಕಾರಿಳಿದವರೇ ಒಂದು ಚಿಟಿಕೆ ಎತ್ತಿ ಬೆರಳಲ್ಲಿ ಉಜ್ಜಿ ನೋಡಿ ಕೋಲಾರದ ಕಡೆಯ ಹೊಲದ ಹಾಗಿದೆ ಅಂದರು.

ಈ ಕಣಿವೆಯ ಎರಡು ಬೆಳೆ ನನಗೆ ಬೇಕಾಗಿದ್ದವು. ಒಂದು ಜಿನ್‌ಫಂಡೆಲ್, ಇಲ್ಲಿನ ಹಳೆಯ ಕೆಂಪು ತಳಿ. ಇನ್ನೊಂದು ಸುವಿನ್ಯೋಂ ಬ್ಲಾಂ ಅನ್ನುವ ಬಿಳಿ ತಳಿ. ಅಮೆರಿಕದ ಮದ್ಯನಿಷೇಧದ ಕಾಲ (1920-33) ಮುಗಿದ ಮೇಲೆ ಈ ಕಣಿವೆಯಲ್ಲಿ ಎದ್ದ ಮೊದಲ ಹೊಸ ವೈನರಿ 1972ರಲ್ಲಿ ಶುರುವಾದ ಡ್ರೈ ಕ್ರೀಕ್ ವಿನ್‌ಯಾರ್ಡ್. ಈ ಬಿಳಿ ದ್ರಾಕ್ಷಿಯನ್ನು ಇಲ್ಲಿ ನೆಟ್ಟು ಹೆಸರು ಮಾಡಿದವರು ಅದರ ಸ್ಥಾಪಕ ಡೇವಿಡ್ ಸ್ಟೇರ್. ನಾವು ಹೋದದ್ದು ಅದಕ್ಕಲ್ಲ, ಇನ್ನೊಂದು ಸಣ್ಣ ಮನೆತನದ ವೈನರಿಗೆ.

ದಿನ ಗೊತ್ತು ಮಾಡುವುದರಲ್ಲೂ ಸ್ವಲ್ಪ ಲೆಕ್ಕ ಇದೆ. ನಂದಿ ಬೆಟ್ಟದ ಬುಡದ ತೋಟಗಳಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಇಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಕೊಯ್ಲಿನ ನಡುವೆ ಹೋದರೆ ಟ್ರಕ್ಕು, ಟ್ರ್ಯಾಕ್ಟರ್ ಗಲಾಟೆ, ಮಾತಾಡಿಸಲು ಯಾರಿಗೂ ಪುರಸೊತ್ತಿಲ್ಲ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದಾಚೆ ಐದು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಮಳೆಯೂ ಹತ್ತಿರ. ಇವೆರಡರ ನಡುವೆ, ಅಕ್ಟೋಬರ್ ಕೊನೆಯ ಶನಿವಾರ ಸರಿಯಾದ ಸಂದು. ಎಲೆಗಳೂ ಆಗ ಬಣ್ಣ ತಿರುಗಿರುತ್ತವೆ. ಫೋಟೊ ತೆಗೆಯುವವರೆಲ್ಲ ಕಡುಗೆಂಪು ಎಲೆಯ ಸಾಲು ಹುಡುಕಿ ಓಡುತ್ತಾರೆ. ಕೆಲವು ತಳಿಗೆ ಅದು ಸಹಜವೇ, ಆದರೆ ಎಷ್ಟೋ ಸಲ ಆ ಕೆಂಪು ಎಲೆಸುರುಳಿ ವೈರಸ್ಸಿನ ಗುರುತು. ರೈತನಿಗೆ ಹಳದಿ ಸಾಲು ಕಂಡರೇ ನೆಮ್ಮದಿ.

ಕಾಡ್ಗಿಚ್ಚಿನ ಕಾಲವೂ ಇದೇ. 2017ರ ಟಬ್ಸ್ ಬೆಂಕಿ, 2019ರ ಕಿನ್‌ಕೇಡ್ ಬೆಂಕಿ ಎರಡೂ ಅಕ್ಟೋಬರಿನವು. ಎರಡನೆಯದರಲ್ಲಿ ಹೀಲ್ಡ್ಸ್‌ಬರ್ಗ್ ಊರಿಗೆ ಊರೇ ಖಾಲಿ ಮಾಡಬೇಕಾಯಿತು. ಆದ್ದರಿಂದ ಒಲೆ, ಕ್ಯಾಂಪಿಂಗ್ ಸ್ಟೌ, ಮೇಣದಬತ್ತಿ ಯಾವುದೂ ಬೇಡ ಅಂತ ಮೊದಲೇ ನಿಶ್ಚಯಿಸಿದ್ದೆ. ತಣ್ಣಗೆ ತಿನ್ನುವ ಊಟವಾದರೆ ಆ ಚಿಂತೆಯೇ ಇಲ್ಲ.

ವೈನರಿಗೆ ಫೋನ್ ಮಾಡಿದಾಗ ಕೇಳಿದ್ದು ಇಷ್ಟು: ಹೊರಗಿನ ಊಟ ತರಬಹುದಾ, ಹತ್ತು ಜನಕ್ಕೆ ಮೇಜು ಕಾದಿರಿಸುತ್ತೀರಾ, ಮಧ್ಯಾಹ್ನ ಒಂದು ಗಂಟೆಗೆ ಆ ಮೇಜಿಗೆ ನೆರಳಿರುತ್ತದಾ, ಶೌಚಾಲಯ ಎಷ್ಟು ದೂರ, ಗಾಜಿನ ಲೋಟ ಕೊಡುತ್ತೀರಾ. ನೆರಳಿನ ಪ್ರಶ್ನೆ ಕೇಳಿ ಆ ಕಡೆಯ ಹುಡುಗಿ ಹೊರಗೆ ಹೋಗಿ ನೋಡಿಕೊಂಡು ಬಂದಳು. ಊಟ ತರಬಹುದು, ಹೊರಗಿನ ಮದ್ಯ ಮಾತ್ರ ತರುವ ಹಾಗಿಲ್ಲ, ವೈನ್ ಅಲ್ಲೇ ಕೊಳ್ಳಬೇಕು. ನ್ಯಾಯವಾದ ಮಾತು. ಆರು ಜನ ದೊಡ್ಡ ಗುಂಪು ಅನ್ನುವ ವೈನರಿಗಳೂ ಇವೆ, ಮಕ್ಕಳನ್ನು ಬಿಡದ ಕಡೆಯೂ ಉಂಟು; ಬುಟ್ಟಿ ಕಟ್ಟುವ ಮೊದಲೇ ಕೇಳಿಕೊಳ್ಳಬೇಕು.

ಇನ್ನು ಊಟ ಮತ್ತು ವೈನಿನ ಸಂಬಂಧ. ನಮ್ಮ ಅಡುಗೆಗೆ ವೈನ್ ಹೊಂದುವುದಿಲ್ಲ ಅನ್ನುವವರು ಸಾಮಾನ್ಯವಾಗಿ ಖಾರದ ಪಲ್ಯದ ಜೊತೆ ಗಟ್ಟಿ ಕೆಂಪು ವೈನ್ ಕುಡಿದಿರುತ್ತಾರೆ. ಕೆಂಪು ವೈನಿನ ಒಗರು ಮತ್ತು ಮೆಣಸಿನಕಾಯಿ ಒಂದನ್ನೊಂದು ಕೆರಳಿಸುತ್ತವೆ, ಆಲ್ಕೋಹಾಲ್ ಹೆಚ್ಚಿದ್ದರಂತೂ ಖಾರದ ಉರಿ ಇಮ್ಮಡಿಸಿದ ಹಾಗಾಗುತ್ತದೆ. ಇಲ್ಲಿನ ಜಿನ್‌ಫಂಡೆಲ್‌ನಲ್ಲಿ ಆಲ್ಕೋಹಾಲ್ ಶೇಕಡ 14, 15ರ ಆಸುಪಾಸು. ಅದಕ್ಕೆ ಪುಳಿಯೋಗರೆ ಕೊಟ್ಟರೆ ಜಗಳವೇ. ಎಣ್ಣೆಗಾಯಿಯ ವಿಷಯ ಬೇರೆ. ಕಡಲೆಕಾಯಿ, ಎಳ್ಳು, ಕೊಬ್ಬರಿ ಹುರಿದು ಅರೆದ ಮಸಾಲೆ, ಎಣ್ಣೆ ಬಿಟ್ಟುಕೊಂಡ ಮೆತ್ತನೆಯ ಬದನೆಕಾಯಿ, ಸಣ್ಣ ತುಂಡು ಬೆಲ್ಲ. ಖಾರದಪುಡಿಯನ್ನು ಅರ್ಧಕ್ಕಿಳಿಸಿ, ಬಣ್ಣಕ್ಕೆ ಬ್ಯಾಡಗಿ ಮಾತ್ರ ಹಾಕಿದೆ. ಆ ಜಿಡ್ಡು ವೈನಿನ ಒಗರನ್ನು ಹಿಡಿದುಕೊಳ್ಳುತ್ತದೆ, ವೈನಿನ ಹಣ್ಣಿನ ರುಚಿ ಬೆಲ್ಲದ ಜೊತೆ ಹೋಗುತ್ತದೆ. ಚಪಾತಿಯನ್ನು ಅಂಗೈಯಗಲ ಮಾಡಿ, ಒಳಗೆ ಎಣ್ಣೆಗಾಯಿ ಸವರಿ ಸುತ್ತಿ, ಎರಡು ತುಂಡು ಮಾಡಿ ಜೋಡಿಸಿಟ್ಟಿದ್ದೆ. ಒಂದು ಕೈಯಲ್ಲಿ ಲೋಟ ಇದ್ದರೂ ತಿನ್ನಬಹುದು.

ಪುಳಿಯೋಗರೆಯದು ಹುಳಿಯ ಸಮಸ್ಯೆ. ಊಟ ವೈನಿಗಿಂತ ಹುಳಿಯಾಗಿದ್ದರೆ ವೈನ್ ಸಪ್ಪೆ ನೀರಾಗುತ್ತದೆ. ಆದ್ದರಿಂದ ಹುಳಿ ಜಾಸ್ತಿ ಇರುವ ವೈನೇ ಬೇಕು, ಅದು ಸುವಿನ್ಯೋಂ ಬ್ಲಾಂ. ಓಕ್ ಪೀಪಾಯಿಯಲ್ಲಿ ಇಟ್ಟ ಬೆಣ್ಣೆಬೆಣ್ಣೆಯ ಶಾರ್ಡನೇ ಅನ್ನುವ ಬಿಳಿ ವೈನ್ ಬೇಡ. ಅದೇ ಸುವಿನ್ಯೋಂ ಬ್ಲಾಂ ಕೋಸಂಬರಿಗೂ ಸರಿ. ಸೌತೆಕಾಯಿ, ನಿಂಬೆಹುಳಿ, ಕೊತ್ತಂಬರಿಸೊಪ್ಪು, ಆ ವೈನಿನ ಹಸಿರು ವಾಸನೆ ಎಲ್ಲ ಒಂದೇ ಕಡೆಯವು. ನನ್ನ ಮಟ್ಟಿಗೆ ಅವತ್ತಿನ ಊಟದಲ್ಲಿ ಗೆದ್ದದ್ದು ಈ ಜೋಡಿ. ಕೋಸಂಬರಿಗೆ ಉಪ್ಪು, ನಿಂಬೆರಸವನ್ನು ಅಲ್ಲಿಗೆ ಹೋದ ಮೇಲೆ ಹಾಕಬೇಕು, ಮನೆಯಲ್ಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ ಅಂತ ಹೇಳಬೇಕಾಗಿಲ್ಲ ತಾನೆ.

ನಿಪ್ಪಟ್ಟಿಗೆ ತಿಳಿಗುಲಾಬಿ ಬಣ್ಣದ ರೋಜೇ ವೈನ್. ಉಪ್ಪು, ಕರಿದ ಎಣ್ಣೆ, ಕರಿಬೇವು ಮೂರನ್ನೂ ಅದು ಬಾಯಿಂದ ತೊಳೆದು ಇನ್ನೊಂದು ತುಂಡಿಗೆ ಜಾಗ ಮಾಡುತ್ತದೆ. ಅಂಬೊಡೆ ಮಾಡೋಣ ಅಂತ ಗೆಳತಿಯ ಆಸೆ. ಎರಡು ಗಂಟೆ ಡಬ್ಬಿಯಲ್ಲಿದ್ದ ಅಂಬೊಡೆ ಮೆತ್ತಗಾಗುತ್ತದೆ, ಬೇಡ ಅಂದೆ. ಮೊಸರನ್ನಕ್ಕೆ ಬೆಳಿಗ್ಗೆ ಅನ್ನವನ್ನು ಹಾಲಿನಲ್ಲೇ ಕಲಸಿ ಒಂದು ಚಮಚ ಮೊಸರು ಬೆರೆಸಿ, ಅದು ಹದಕ್ಕೆ ಬರುತ್ತಿದ್ದಂತೆ ಐಸ್ ಪೆಟ್ಟಿಗೆಗೆ ಸೇರಿಸಿದೆ. ಹೊರಗೆ ಇಟ್ಟ ಊಟಕ್ಕೆ ಎರಡು ಗಂಟೆಯೇ ಮಿತಿ, ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ ಅನ್ನುವುದು ಇಲ್ಲಿನ ಆಹಾರ ಇಲಾಖೆಯ ಸೂತ್ರ, ಅದನ್ನು ಮೀರಲು ನಾನು ಹೋಗುವುದಿಲ್ಲ. ಚೀಸ್ ಒಂದು ತುಂಡು ಕೊಂಡೆ, ಕೊಳ್ಳುವಾಗ ಲೇಬಲ್ ಓದಿದೆ. ಹಾಲು ಒಡೆಯಲು ಹಾಕುವ ರೆನೆಟ್ ಕರುವಿನ ಹೊಟ್ಟೆಯದಾಗಿದ್ದರೆ ನಮ್ಮತ್ತೆ, ಮಾವನಿಗೆ ಬಡಿಸುವಂತಿಲ್ಲ. ಸೂಕ್ಷ್ಮಜೀವಿಯಿಂದ ತೆಗೆದದ್ದು ಅಂತ ಬರೆದಿದ್ದರೆ ಆಯಿತು.

ಹತ್ತು ಜನರಲ್ಲಿ ನಾಲ್ವರು ಕುಡಿಯುವವರಲ್ಲ. ಅವರಿಗೆ ಪ್ಲಾಸ್ಟಿಕ್ ಲೋಟದಲ್ಲಿ ಜ್ಯೂಸು, ಉಳಿದವರಿಗೆ ಗಾಜು ಅಂತ ಮಾಡಿದರೆ ಅಲ್ಲಿಗೆ ಪಂಕ್ತಿಭೇದವಾಯಿತು. ಮೆಂಡೊಸಿನೊ ಕೌಂಟಿಯ ನವಾರೊ ವೈನರಿಯವರು ವೈನ್ ದ್ರಾಕ್ಷಿಯದೇ ರಸವನ್ನು ಹುದುಗಿಸದೆ ಬಾಟಲಿಗೆ ತುಂಬಿ ಮಾರುತ್ತಾರೆ, ಅದನ್ನು ಮೊದಲೇ ತರಿಸಿಕೊಂಡಿದ್ದೆ. ಮದ್ಯವಲ್ಲವಾದ್ದರಿಂದ ಇಲ್ಲಿನವರು ಅಡ್ಡಿ ಮಾಡಲಿಲ್ಲ. ಅತ್ತೆ ಕಾಲಿರುವ ಗಾಜಿನ ಲೋಟ ಹಿಡಿದು ಗೆಳತಿಗೆ ಶುಭ ಹಾರೈಸಿದ ಫೋಟೊ ಮೈಸೂರಿಗೆ ಹೋಗಿ ಏನೇನೋ ಪ್ರಶ್ನೆ ಎಬ್ಬಿಸಿತು, ಅದು ಬೇರೆ ಕಥೆ. ವೈನಿನ ಲೆಕ್ಕ ಸುಲಭ: 750 ಮಿಲಿಲೀಟರ್ ಬಾಟಲಿಗೆ ಐದು ಲೋಟ. ಕುಡಿಯುವ ಆರು ಜನಕ್ಕೆ ಮೂರು ಬಾಟಲಿ ಕೊಂಡೆವು, ಅದರಲ್ಲೂ ಉಳಿಯಿತು.

ಕೆಂಪು ವೈನನ್ನೂ ಕಾಲು ಗಂಟೆ ಐಸ್ ಪೆಟ್ಟಿಗೆಯಲ್ಲಿ ಇಟ್ಟೆ. ‘ಕೋಣೆಯ ಉಷ್ಣಾಂಶ’ ಅನ್ನುವುದು ಚಳಿದೇಶದ ಹಳೆಯ ಮನೆಗಳ ಮಾತು, ಹದಿನೈದು ಹದಿನೆಂಟು ಡಿಗ್ರಿ. ಬಿಸಿಲಲ್ಲಿ ಬೆಚ್ಚಗಾದ ಜಿನ್‌ಫಂಡೆಲ್ ಕೆಮ್ಮಿನ ಔಷಧಿ.

ಮೇಜಿನ ಅಲಂಕಾರಕ್ಕೆ ನಾನು ಖರ್ಚು ಮಾಡಿದ್ದು ಬಾಳೆಲೆಗೆ ಮಾತ್ರ. ಏಷ್ಯನ್ ಅಂಗಡಿಯಲ್ಲಿ ಫ್ರೀಜರಿನಲ್ಲಿ ಸಿಗುತ್ತದೆ. ಕರಗಿಸಿ, ಒರೆಸಿ, ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿದೆ. ಹಾಸಿದ್ದು ಅಂಚು ಹಿಂಜಿದ್ದ ನನ್ನ ಹಳೆಯ ಇಳಕಲ್ ಸೀರೆ. ಅದರ ಕೆಂಪು ಸೆರಗು ಮೇಜಿನ ಒಂದು ತುದಿಯಿಂದ ಇಳಿಬಿದ್ದದ್ದು ಯಾವ ಅಂಗಡಿಯ ಬಟ್ಟೆಗೂ ಕಮ್ಮಿ ಇರಲಿಲ್ಲ. ಹೂವು ಇಡಲಿಲ್ಲ. ಮಲ್ಲಿಗೆ ಇಟ್ಟರೆ ವೈನಿನ ಪರಿಮಳ ಯಾರಿಗೂ ಸಿಗುವುದಿಲ್ಲ, ಅತ್ತರು ಹಚ್ಚಿಕೊಂಡು ಬರಬೇಡಿ ಅಂತಲೂ ಎಲ್ಲರಿಗೂ ಹೇಳಿದ್ದೆ. ಬದಲಿಗೆ ಸೀಳಿದ ಎರಡು ದಾಳಿಂಬೆ, ಸೀಸನ್ನಿನ ಪರ್ಸಿಮನ್ ಹಣ್ಣು. ಬಳ್ಳಿಯಿಂದ ಎಲೆ ಕೀಳುವುದು ಮಾತ್ರ ಸಲ್ಲ, ಅದು ಇನ್ನೊಬ್ಬರ ಬೆಳೆ.

ಶರತ್ಕಾಲದ ಪಿಕ್ನಿಕ್‌ನ ನಿಜವಾದ ಶತ್ರು ಕಣಜ. ಹಳದಿ ಕಪ್ಪು ಪಟ್ಟೆಯ ಈ ಜಾತಿಯ ಗೂಡುಗಳು ಬೇಸಿಗೆ ಕಳೆಯುವ ಹೊತ್ತಿಗೆ ತುಂಬಿ ತುಳುಕುತ್ತವೆ, ಸಿಹಿ ಕಂಡಲ್ಲಿ ಇಳಿಯುತ್ತವೆ. ಅತ್ತೆ ಊರಿನಿಂದ ತಂದಿದ್ದ, ಅಂಚಿಗೆ ಮಣಿ ಪೋಣಿಸಿದ ಕ್ರೋಶಾ ಬಲೆಗಳು, ಹಾಲಿನ ಪಾತ್ರೆಗೆ ಮುಚ್ಚುವಂಥವು, ಇಲ್ಲಿ ಕೆಲಸಕ್ಕೆ ಬಂದವು. ಒಂದೊಂದು ಲೋಟದ ಮೇಲೂ ಒಂದೊಂದು ಬಲೆ. ಮಣಿಯ ಭಾರಕ್ಕೆ ಗಾಳಿಗೂ ಹಾರದು, ಕಣಜ ಮೇಲೆ ಕೂತು ತೂತಿನಲ್ಲಿ ಮುಖ ಇಟ್ಟು ನೋಡಿ ಹಾರಿಹೋಗುತ್ತಿತ್ತು. ಪಕ್ಕದ ಮೇಜಿನವರು ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಜೊತೆಗೆ ಹತ್ತು ಹೆಜ್ಜೆ ದೂರದಲ್ಲಿ ಬೆಲ್ಲದ ನೀರಿನ ಬಟ್ಟಲು ಇಟ್ಟಿದ್ದೆ, ಅರ್ಧ ಸೈನ್ಯ ಅತ್ತ ಹೋಯಿತು. ಒಬ್ಬಟ್ಟಿನ ಡಬ್ಬಿ ಮಾತ್ರ ಬಡಿಸುವ ಕ್ಷಣದವರೆಗೆ ತೆರೆಯಲಿಲ್ಲ. ಒಬ್ಬಟ್ಟಿನ ಜೊತೆ ವೈನೂ ಇಲ್ಲ. ಸಿಹಿ ಇಲ್ಲದ ವೈನ್ ಆ ಹೂರಣದ ಮುಂದೆ ಬರೀ ಹುಳಿ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಇತ್ತು.

ನಾಲ್ಕು ಗಂಟೆಗೆ ಎದ್ದೆವು, ಕಣಿವೆಯಲ್ಲಿ ಬಿಸಿಲು ಜಾರಿದರೆ ಚಳಿ ಥಟ್ಟನೆ ಇಳಿಯುತ್ತದೆ. ಕಸ ನಮ್ಮ ಚೀಲದಲ್ಲೇ ವಾಪಸ್ಸು. ಓಡಿಸುವವರು ಇಬ್ಬರೂ ಬೆಳಿಗ್ಗೆಯೇ ನಿಗದಿಯಾಗಿದ್ದರು, ದ್ರಾಕ್ಷಿರಸ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಅರ್ಧ ಉಳಿದ ಜಿನ್‌ಫಂಡೆಲ್ ಬಾಟಲಿಗೆ ಬಿರಡೆ ಒತ್ತಿ ಡಿಕ್ಕಿಗೆ ಹಾಕಿದೆವು. ತೆರೆದ ಬಾಟಲಿ ಸೀಟಿನ ಬಳಿ ಇದ್ದರೆ ಇಲ್ಲಿ ಅದೇ ಒಂದು ಅಪರಾಧ, ಯಾರೂ ಕುಡಿಯದಿದ್ದರೂ.