40 ಸೆಕೆಂಡಿನ ಅಡಿಕೆ ಬಿಲ್ಲು: ಡೇಟಾ ಬೇಕಾದಾಗ ಮಾತ್ರ ಲೋಡ್ ಮಾಡಿದ ನನ್ನ ಅನುಭವ

ಮಂಗಳೂರು ಬಂದರಿನ ಒಂದು ಅಡಿಕೆ ಮಂಡಿಗೆ ನಾನು ಡಾಟ್‌ನೆಟ್‌ನಲ್ಲಿ (ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ) ಬರೆದುಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್ ಬೆಳಿಗ್ಗೆ ಓಪನ್ ಆಗಲು ಸುಮಾರು 40 ಸೆಕೆಂಡ್ ಬೇಕಿತ್ತು. "ಚಾ ಕುಡಿದು ಬಂದ್ರೂ ತಿರುಗ್ತಾನೇ ಉಂಟಲ್ಲ ಮಾರಾಯ್ರೆ" ಎಂದು ಧಣಿಗಳು ದಿನಾ ಹೇಳುತ್ತಿದ್ದರು. ಬೆಳೆಗಾರರ ಪಟ್ಟಿ (14 ಸಾವಿರ ಹೆಸರಿರಬಹುದು), ದರ, ಸ್ಟಾಕ್, ಹಳೇ ಬಾಕಿ, ಈ ನಾಲ್ಕೂ ಕ್ಯಾಶ್‌ಗೆ (ಕಂಪ್ಯೂಟರಿನ ತಾತ್ಕಾಲಿಕ ನೆನಪಿಗೆ) ಬಂದ ಮೇಲೆಯೇ ವಿಂಡೋ ಕಾಣುತ್ತಿತ್ತು.

ಮೊದಲು ಮಾಡಿದ್ದು ಮೋಸದ ಕೆಲಸ. ಲೋಡ್ ಆಗುವವರೆಗೆ ಕಾಣುವ, ಗಣಪತಿ ಚಿತ್ರದ ಸ್ಪ್ಲಾಶ್ ಸ್ಕ್ರೀನ್ ಹಾಕಿದೆ. ಎರಡು ವಾರ ಯಾರೂ ಬೈಯಲಿಲ್ಲ. ಆಮೇಲೆ ನಾಲ್ಕನ್ನೂ ಟಾಸ್ಕ್ ರನ್‌ನಲ್ಲಿ (ಹಿನ್ನೆಲೆಯಲ್ಲಿ ಕೆಲಸ ಓಡಿಸುವ ಆದೇಶ) ಒಟ್ಟಿಗೆ ಓಡಿಸಿದೆ. ಸರ್ವರ್ ಎಂದರೆ ಮೂಲೆಯ ಒಂದು ಹಳೇ ಪಿಸಿ, ಅದರ ಹಾರ್ಡ್‌ಡಿಸ್ಕ್ ಗರಗರ ಎಂದು 50 ಸೆಕೆಂಡ್ ತೆಗೆದುಕೊಂಡಿತು. ನನ್ನ ಪಾಲುದಾರ "ಎಸ್‌ಎಸ್‌ಡಿ ಹಾಕಿ ಕೈ ತೊಳ್ಕೊ" ಎಂದ. ಆ ವೇಗದ ಡಿಸ್ಕಿಗೆ ನಾಲ್ಕು ಸಾವಿರ ನನ್ನ ಕಿಸೆಯಿಂದಲೇ ಹಾಕಿದೆ. 25ಕ್ಕೆ ಇಳಿಯಿತು, ಅಷ್ಟೆ.

ಕೊನೆಗೆ ಆ ನಾಲ್ಕನ್ನು ತರುವ ಪ್ರತಿ ಸರ್ವಿಸನ್ನೂ ಲೇಜಿ ಎಂಬ ಡಬ್ಬಿಯೊಳಗಿನ ಟಾಸ್ಕ್ (ಹಿನ್ನೆಲೆ ಕೆಲಸ) ಮಾಡಿದೆ. ಕೇಳಿದಾಗ ಮಾತ್ರ ಲೋಡ್, ಅದೂ ಒಂದೇ ಸಲ. "ಡೆಸ್ಕ್‌ಟಾಪಿಗೆ ಇಷ್ಟೆಲ್ಲ ಎಂತಕ್ಕೆ?" ಎಂದು ಪಾಲುದಾರ ನಕ್ಕ. ಮೊದಲ ದಿನ ಅವನೇ ಗೆದ್ದ. ಕನ್‌ಸ್ಟ್ರಕ್ಟರ್‌ನಲ್ಲಿ (ವಿಂಡೋ ಹುಟ್ಟುವಾಗ ಓಡುವ ಕೋಡ್) ಅವೇಟ್, ಅಂದರೆ ವಿಂಡೋ ನಿಲ್ಲಿಸದೆ ಕಾಯಲು, ಆಗುವುದಿಲ್ಲ ಅಲ್ವಾ, ಒಂದು ಕಡೆ ಉದಾಸೀನದಿಂದ ಡಾಟ್ ರಿಸಲ್ಟ್ (ಕೆಲಸ ಮುಗಿಯುವವರೆಗೆ ಅಲ್ಲೇ ನಿಲ್ಲು ಎಂಬ ಆದೇಶ) ಬರೆದಿದ್ದೆ. ವಿಂಡೋ ಬಿಳಿಚಿಕೊಂಡು ನಿಂತೇ ಬಿಟ್ಟಿತು. ಯುಐ ಥ್ರೆಡ್ (ವಿಂಡೋ ಚಿತ್ರಿಸುವ ಎಳೆ) ಲೋಡಿಗೆ ಕಾಯುತ್ತಿತ್ತು, ಲೋಡ್ ಯುಐ ಥ್ರೆಡ್ಡಿಗೆ ಕಾಯುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಜೂನ್‌ನಲ್ಲಿ. ಮಳೆಗೆ ಕರೆಂಟ್ ಹೋಯಿತು. ಕಂಪ್ಯೂಟರುಗಳಿಗೆ ಯುಪಿಎಸ್ ಇತ್ತು, ನೆಟ್‌ವರ್ಕ್ ಸ್ವಿಚ್ಚಿಗೆ ಇರಲಿಲ್ಲ. ಆ ಹೊತ್ತಿಗೇ ಯಾರೋ ಬಾಕಿ ವಿಂಡೋ ತೆರೆದರು. ಎರಡು ನಿಮಿಷದಲ್ಲಿ ಕರೆಂಟ್ ಬಂತು, ಎರರ್ ಮಾತ್ರ ಸಂಜೆವರೆಗೂ ಹೋಗಲಿಲ್ಲ. ಫೇಲ್ ಆದ ಟಾಸ್ಕನ್ನೇ ಲೇಜಿ ಜೋಪಾನವಾಗಿ ಇಟ್ಟುಕೊಂಡು ಕೇಳಿದವರಿಗೆಲ್ಲ ಹಂಚುತ್ತಿತ್ತು. ಲೇಜಿ ಎರರ್ ನೆನಪಿಡದ ಪಬ್ಲಿಕೇಶನ್‌ಓನ್ಲಿ ಮೋಡ್ ಹಾಕಿ ನೋಡಿದೆ, ಪ್ರಯೋಜನವಿಲ್ಲ. ಫ್ಯಾಕ್ಟರಿ (ಟಾಸ್ಕ್ ತಯಾರಿಸುವ ಕೋಡ್) ತಾನೇ ಎಕ್ಸೆಪ್ಶನ್, ಅಂದರೆ ಎರರ್, ಎಸೆದರೆ ತಾನೇ ಲೇಜಿ ಅದನ್ನು ಮರೆಯುವುದು? ಇಲ್ಲಿ ಫ್ಯಾಕ್ಟರಿ ಸತ್ತ ಟಾಸ್ಕನ್ನು ಸಲೀಸಾಗಿ ಕೈಗೆ ಕೊಡುತ್ತಿದೆ.

ಹಾಗಾಗಿ ಫೇಲ್ ಆದರೆ ಹಳೇ ಲೇಜಿ ತೆಗೆದು ಹೊಸದು ಇಡುವಂತೆ ಮಾಡಿದೆ. ಮೂರು ವಿಂಡೋ ಒಟ್ಟಿಗೆ ಫೇಲ್ ಆದಾಗ ಮೂರೂ ಒಂದೊಂದು ಹೊಸದು ಇಟ್ಟವು, ಮೂರು ಸಲ ಲೋಡ್! ಈಗ ಇಂಟರ್‌ಲಾಕ್ಡ್ ಕಂಪೇರ್‌ಎಕ್ಸ್‌ಚೇಂಜ್ ಎಂಬ, ನೋಡಿ ಬದಲಿಸುವ ಆದೇಶ ಇದೆ. ತಾನು ಕಾದಿದ್ದ ಲೇಜಿಯೇ ಇನ್ನೂ ಅಲ್ಲಿದ್ದರೆ ಮಾತ್ರ ಬದಲಿಸುತ್ತದೆ.

ಇನ್ನೊಂದು ಎಡವಟ್ಟು. ವಿಂಡೋದ ಕ್ಯಾನ್ಸಲೇಶನ್ ಟೋಕನ್ನನ್ನು (ಕೆಲಸ ನಿಲ್ಲಿಸು ಎಂಬ ಸೂಚನೆ) ನೇರ ಲೋಡಿಗೇ ಕೊಟ್ಟಿದ್ದೆ. ಒಬ್ಬ ಗುಮಾಸ್ತ ಬಾಕಿ ವಿಂಡೋ ಮುಚ್ಚಿದರೆ, ಅದೇ ಡೇಟಾಗೆ ಕಾಯುತ್ತಿದ್ದ ಬಿಲ್ ವಿಂಡೋ ಕೂಡ ಬಿದ್ದುಹೋಗುತ್ತಿತ್ತು. ಡಾಟ್‌ನೆಟ್ 6ರ ವೇಟ್‌ಅಸಿಂಕ್‌ಗೆ ಟೋಕನ್ ಕೊಟ್ಟ ಮೇಲೆ ಕಾಯುವುದು ಮಾತ್ರ ನಿಲ್ಲುತ್ತದೆ, ಲೋಡ್ ನಡೆದೇ ಇರುತ್ತದೆ.

ನಡುವೆ ಸುಮ್ನೆ ಒಂದು ಪ್ರಯೋಗ: ಕ್ಯಾಶನ್ನು ಅದೇ ಕಂಪ್ಯೂಟರಿನ ಎಸ್‌ಕ್ಯುಲೈಟ್ (ಚಿಕ್ಕ ಡೇಟಾಬೇಸ್) ಫೈಲಿನಲ್ಲಿ ಉಳಿಸಿದೆ. ಭಾರೀ ಸ್ಪೀಡು. ಆದರೆ ಪಟೋರಕ್ಕೆ (ಅಡಿಕೆಯ ಒಂದು ದರ್ಜೆ) ನಿನ್ನೆಯ ದರದಲ್ಲೇ ಬಿಲ್ ಹೋಯಿತು, ನಾನು ಕೈಮುಗಿದು ತಪ್ಪಾಯಿತು ಎನ್ನಬೇಕಾಯಿತು. ಈಗ ಬೆಳೆಗಾರರ ಹೆಸರು ಮಾತ್ರ ಹಾಗೆ ಉಳಿಯುತ್ತದೆ.

ವಿಂಡೋ ಈಗ ಮೂರು ಸೆಕೆಂಡಿನೊಳಗೆ ಬರುತ್ತದೆ. ಬಾಕಿ ಪಟ್ಟಿಯನ್ನು ಗುಮಾಸ್ತ ಕೇಳುವ ಮೊದಲೇ ಮೆಲ್ಲ ಲೋಡ್ ಮಾಡಿ ಬಿಸಿಯಾಗಿಡುವ ಒಂದು ಉಪಾಯವೂ ಉಂಟು. ಯಾವ ಗಳಿಗೆಯಲ್ಲಿ ಎಂದು ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. 18 ಸಾವಿರಕ್ಕೆ ಒಪ್ಪಿಕೊಂಡ ಕೆಲಸಕ್ಕೆ ಆರೇಳು ವಾರ ಹೋಯಿತು, ಲೆಕ್ಕ ಹಾಕಿದರೆ ನಷ್ಟವೇ. ಆದರೆ ಪಾಲುದಾರ ಈಗ ಉಡುಪಿಯ ತನ್ನ ಗಿರಾಕಿಗೆ ಇದೇ ಕೋಡ್ ಹಾಕಿದ್ದಾನೆ, ಕೇಳದೆಯೇ.

ಮೊನ್ನೆ ಧಣಿಗಳ ಫೋನು. "ಎಲ್ಲಾ ಸರಿ ಉಂಟು, ಆದ್ರೆ ಬೆಳಿಗ್ಗೆ ಗಣಪತಿ ಸರೀ ಕಾಣುವುದೇ ಇಲ್ಲವಲ್ಲ?" ಎಂದರು. ಎರಡು ಸೆಕೆಂಡಿನ ಟಾಸ್ಕ್ ಡಿಲೇ (ಬೇಕೆಂದೇ ತಡ) ಹಾಕಿಕೊಟ್ಟೆ. ಅದಕ್ಕೆ ಬಿಲ್ ಮಾಡಲಿಲ್ಲ.